ಚೈನಿನ ಕೊಂಡಿ ಸಿಕ್ಕಿತು, ಸರಿ. ಎಲ್ಲಿ ಸಿಕ್ಕಿತು?

ಹಳೆಯ ರಣಭೂಮಿಗಳಲ್ಲಿ ಸಿಗುವ ಟ್ಯಾಂಕ್ ತುಣುಕುಗಳ ಬಗ್ಗೆ ಹೋದ ತಿಂಗಳು ಇದೇ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಮೀಸಲು. ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಸರ್, ಆನ್‌ಲೈನಲ್ಲಿ ಒಬ್ಬರು ಜರ್ಮನ್ ಟೈಗರ್ ಟ್ಯಾಂಕಿನ ಚೈನ್ ಕೊಂಡಿ (ಚಕ್ರಗಳ ಸುತ್ತ ಓಡುವ ಕಬ್ಬಿಣದ ಪಟ್ಟಿಯ ಒಂದು ತುಂಡು) ಮಾರುತ್ತಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ರಷ್ಯಾದ ಕುರ್ಸ್ಕ್‌ನಲ್ಲಿ ಹಾಳಾದ ಟ್ಯಾಂಕಿನದಂತೆ. ಜೊತೆಗೆ ಅದೇ ಟ್ಯಾಂಕಿನ ಮೈಮೇಲಿದ್ದ ಜಿಮ್ಮರಿಟ್ ಲೇಪದ ಚೂರೂ ಕೊಡುತ್ತಾರಂತೆ. ಅಸಲಿಯೋ ನಕಲಿಯೋ ಹೇಗೆ ತಿಳಿಯೋದು? (ಬೆಂಗಳೂರು)

ಉತ್ತರ: ಆ ಲೇಪದ ಮಾತಿನಲ್ಲೇ ಮಾರುವವರು ಸಿಕ್ಕಿಬಿದ್ದಿದ್ದಾರೆ. ಜಿಮ್ಮರಿಟ್ ಅಂದರೆ ಗಾರೆಯ ಹಾಗೆ ಬಳಿಯುವ ಒಂದು ಪೇಸ್ಟ್. ಶತ್ರು ಸೈನಿಕರು ಟ್ಯಾಂಕಿನ ಹತ್ತಿರ ಓಡಿಬಂದು ಅಯಸ್ಕಾಂತದ ಬಾಂಬ್ ಅಂಟಿಸಬಾರದು ಅಂತ ಜರ್ಮನ್ನರು ಅದನ್ನು ಮೈಗೆಲ್ಲ ಬಳಿದು, ಮೇಲೆ ಬಾಚಣಿಗೆಯಲ್ಲಿ ಎಳೆದ ಹಾಗೆ ಗೆರೆ ಹಾಕುತ್ತಿದ್ದರು. ಅದರಲ್ಲಿ ಮರದ ಹೊಟ್ಟು ಕೂಡ ಇರುತ್ತಿತ್ತು. ಕಾರ್ಖಾನೆಗಳಲ್ಲಿ ಅದು ರೂಢಿಗೆ ಬಂದದ್ದು 1943ರ ಕೊನೆಯ ಹೊತ್ತಿಗೆ, ನಿಲ್ಲಿಸಿದ್ದು 1944ರ ಸೆಪ್ಟೆಂಬರಿನಲ್ಲಿ. ಕುರ್ಸ್ಕ್‌ನಲ್ಲಿ ಜರ್ಮನ್ ಟೈಗರ್‌ಗಳು ನುಗ್ಗಿದ್ದು 1943ರ ಜುಲೈನಲ್ಲಿ. ಅಲ್ಲಿ ಸತ್ತ ಟ್ಯಾಂಕಿನ ಮೈಮೇಲೆ ಆ ಲೇಪ ಇರೋದು ಹೇಗೆ? ಕೊಂಡಿ ಅಸಲಿ ಇದ್ದರೂ ಇರಬಹುದು, ಅದರ ಕಥೆ ಮಾತ್ರ ಅಸಲಿ ಅಲ್ಲ.

ಕೊಂಡಿಯ ವಿಷಯಕ್ಕೆ ಮೊದಲು ಟೇಪ್ ಹಿಡಿಯಿರಿ. ಟೈಗರ್‌ಗೆ ಎರಡು ಥರದ ಚೈನ್ ಇತ್ತು. ಯುದ್ಧಕ್ಕೆ ಇಳಿಯುವಾಗ 725 ಮಿ.ಮೀ. ಅಗಲದ್ದು, ರೈಲಿನಲ್ಲಿ ಸಾಗಿಸುವಾಗ ವ್ಯಾಗನ್‌ನಿಂದ ಆಚೆ ಚಾಚದಿರಲಿ ಅಂತ 520 ಮಿ.ಮೀ. ಅಗಲದ್ದು. ಪ್ಯಾಂಥರ್ ಅನ್ನುವ ಇನ್ನೊಂದು ಜರ್ಮನ್ ಟ್ಯಾಂಕಿನದು 660. ಪ್ಯಾಂಜರ್ ನಾಲ್ಕರದು ಬಹುಪಾಲು 400. ಜರ್ಮನ್ ಕೊಂಡಿಗಳಲ್ಲಿ ಎಷ್ಟೋ ಸಲ ಎರಕದಲ್ಲೇ ಗುರುತು ಮೂಡಿರುತ್ತದೆ. ನನ್ನ ಮೇಜಿನ ಮೇಲೆ ಇರುವುದರಲ್ಲಿ "ಕೆಜಿಎಸ್ 61/400/120" ಅಂತ ಇದೆ. 400 ಅಗಲ, 120 ಅಂದರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರ, ಎರಡೂ ಮಿ.ಮೀ. ಲೆಕ್ಕ.

ಈ ಕೊಂಡಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಪಿನ್ ಹೋಗುವ ತೂತು ಹೊಸದಿದ್ದಾಗ ಗುಂಡಗೆ ಇತ್ತು, ಈಗ ಮೊಟ್ಟೆಯ ಹಾಗೆ ಒಂದು ಕಡೆಗೆ ಎಳೆದುಕೊಂಡಿದೆ. ಟ್ಯಾಂಕ್ ಓಡಿದಷ್ಟೂ ಪಿನ್ ಅದೇ ಕಡೆಗೆ ಜಗ್ಗಿ ಜಗ್ಗಿ ಸವೆದಿದೆ. ನೆಲಕ್ಕೆ ತಾಗುವ ಅಂಚು ನುಣ್ಣಗಾಗಿದೆ. ಒಳಬದಿಯಲ್ಲಿ ಚಕ್ರಗಳು ಉರುಳಿದ ಜಾಗ ಎರಡು ದಾರಿಯಾಗಿ ತೆಳ್ಳಗೆ ಹೊಳೆಯುತ್ತಿತ್ತೇನೋ, ಈಗ ಅಲ್ಲಿ ತುಕ್ಕಿನ ಬಣ್ಣವೇ ಬೇರೆ. ನಕಲಿ ಎರಕ ಹೊಯ್ಯುವವರು ನಂಬರನ್ನು ಮೂಡಿಸುತ್ತಾರೆ, ಆದರೆ ಸಾವಿರಾರು ಕಿಲೋಮೀಟರ್ ಓಡಿದ ಸವೆತವನ್ನು ಮೂಡಿಸೋದು ಕಷ್ಟ. ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ.

ಇನ್ನೊಂದು ಲೆಕ್ಕ ನೋಡಿ. ಒಂದು ಟೈಗರ್‌ಗೆ ಪ್ರತಿ ಬದಿಗೆ 96 ಕೊಂಡಿ, ಎರಡೂ ಕಡೆ ಸೇರಿ 192. ತಯಾರಾದ ಟೈಗರ್‌ಗಳು 1,350ರ ಆಸುಪಾಸು. ಅಂದರೆ ಕೊಂಡಿಗಳು ಲಕ್ಷಗಟ್ಟಲೆ ಇದ್ದವು, ಸಿಗೋದು ಅಪರೂಪ ಏನಲ್ಲ. ಅಪರೂಪ ಯಾವುದು ಅಂದರೆ, ಅದು ಯಾವ ಹೊಲದಲ್ಲಿ, ಎಷ್ಟು ಆಳದಲ್ಲಿ, ಯಾವಾಗ ಸಿಕ್ಕಿತು, ಅಗೆದವರು ಯಾರು, ಆಗ ತೆಗೆದ ಫೋಟೋ ಎಲ್ಲಿ ಅನ್ನುವ ಕಾಗದ. ಅದಿದ್ದರೆ ತುಕ್ಕು ಹಿಡಿದ ಅರ್ಧ ಕೊಂಡಿಗೂ ಬೆಲೆ ಇದೆ. ಇಲ್ಲದಿದ್ದರೆ ಪೂರ್ತಿ ಕೊಂಡಿಯೂ ಗುಜರಿಯೇ. ನಿಮ್ಮ ಮಾರಾಟಗಾರರಿಗೆ ಈ ಐದೂ ಪ್ರಶ್ನೆ ಕೇಳಿ. ಉತ್ತರ ಬರಲಿಲ್ಲ ಅಂದರೆ ದುಡ್ಡು ಕೊಡಬೇಡಿ.

ಪ್ರಶ್ನೆ: ನಾನು ಕೆಲಸಕ್ಕೆ ಅಂತ ಕಲೋನ್‌ಗೆ ಬಂದು ಎರಡು ವರ್ಷ ಆಯಿತು. ಶನಿವಾರ, ಭಾನುವಾರ ಹುರ್ಟ್‌ಗನ್ ಕಾಡಿನಲ್ಲಿ ನಡೆಯಲು ಹೋಗುತ್ತೇನೆ. ಹೋದ ವಾರ ಮಣ್ಣಿನಿಂದ ಒಂದು ದಪ್ಪ ಕಬ್ಬಿಣದ ತುಂಡು ಇಣುಕುತ್ತಿತ್ತು, ಟ್ಯಾಂಕಿನದೇ ಇರಬೇಕು. ಊರಿಗೆ ಬರುವಾಗ ತರಬಹುದಾ? (ಕಲೋನ್, ಜರ್ಮನಿ)

ಉತ್ತರ: ಮುಟ್ಟಬೇಡಿ. ಇದನ್ನು ಸುಮ್ನೆ ಹೆದರಿಸೋಕೆ ಹೇಳುತ್ತಿಲ್ಲ.

ನೀವು ನಡೆಯುವ ಆ ಕಾಡಿನಲ್ಲಿ 1944ರ ಸೆಪ್ಟೆಂಬರಿನಿಂದ 1945ರ ಫೆಬ್ರವರಿವರೆಗೆ ಅಮೆರಿಕನ್ನರಿಗೂ ಜರ್ಮನ್ನರಿಗೂ ಕಾದಾಟ ನಡೆಯಿತು. ಸತ್ತವರು, ಗಾಯಗೊಂಡವರು, ಕಾಯಿಲೆ ಬಿದ್ದವರು ಎಲ್ಲ ಸೇರಿ ಅಮೆರಿಕದ ಕಡೆಯಲ್ಲೇ ಸುಮಾರು 33,000 ಮಂದಿ. ನೆಲದಲ್ಲಿ ಮೈನ್‌ಗಳು ಹೂತಿದ್ದವು, ಮರದ ತುದಿಗೆ ಬಡಿದು ಸಿಡಿಯುವ ಶೆಲ್‌ಗಳು ಮಳೆಯ ಹಾಗೆ ಬಿದ್ದವು. ಬಿದ್ದದ್ದೆಲ್ಲ ಸಿಡಿಯಲಿಲ್ಲ. ಸಿಡಿಯದೇ ಉಳಿದದ್ದು ಇವತ್ತೂ ಅಲ್ಲೇ ಇದೆ. 80 ವರ್ಷ ಆದ ಮೇಲೆ ಒಳಗಿನ ಮದ್ದು ತಣ್ಣಗಾಗಿರುತ್ತದೆ ಅಂತ ಜನ ತಿಳಿಯುತ್ತಾರೆ. ಆಗೋದು ಅದಕ್ಕೆ ಉಲ್ಟಾ. ಹೊರಗಿನ ಲೋಹ ಕೊರೆದು, ಶೆಲ್ಲನ್ನು ಸಿಡಿಸುವ ಫ್ಯೂಸಿನ ಸ್ಪ್ರಿಂಗು, ಪಿನ್ನು ತುಕ್ಕು ಹಿಡಿದು, ಯಾವಾಗ ಜಾರುತ್ತದೆ ಅಂತ ಯಾರಿಗೂ ಹೇಳೋಕೆ ಆಗದ ಸ್ಥಿತಿಗೆ ಬಂದಿರುತ್ತದೆ. ಮಣ್ಣು ಮೆತ್ತಿದ ತುಂಡು ಚೈನಿನದೋ ಶೆಲ್ಲಿನದೋ ಅಂತ ಕಣ್ಣಿನಲ್ಲಿ ನೋಡಿ ಹೇಳೋದು ಪಳಗಿದವರಿಗೂ ಕಷ್ಟ. ಜಾಗದ ಫೋಟೋ ತೆಗೆಯಿರಿ, ದೂರ ಸರಿಯಿರಿ, 110ಕ್ಕೆ ಫೋನ್ ಮಾಡಿ. ಬಾಂಬ್ ತೆಗೆಯುವ ಸರ್ಕಾರಿ ತಂಡ ಬರುತ್ತದೆ. ನಿಮ್ಮನ್ನು ಯಾರೂ ಬೈಯುವುದಿಲ್ಲ.

ಕಾನೂನೂ ಹಾಗೇ ಇದೆ. ಆ ಕಾಡಿರುವ ರಾಜ್ಯದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕಬೇಕಾದರೆ ಸ್ಮಾರಕಗಳನ್ನು ನೋಡಿಕೊಳ್ಳುವ ಇಲಾಖೆಯ ಪರವಾನಗಿ ಬೇಕು. ಫ್ರಾನ್ಸಿನಲ್ಲೂ ಹಳೆಯ ವಸ್ತು ಹುಡುಕಲು ಜಿಲ್ಲಾಡಳಿತದ ಅನುಮತಿ ಬೇಕು.

ಒಂದು ಕೆಲಸ ಮಾಡಿ. ಮುಂದಿನ ವಾರ ಅದೇ ಕಾಡಿನ ಕಾಲ್ ಕಣಿವೆಯ ದಾರಿ ಹಿಡಿದು ಫೊಸೆನಾಕ್ ಕಡೆಯಿಂದ ಇಳಿಯಿರಿ. 1944ರ ನವೆಂಬರಿನಲ್ಲಿ ಶ್ಮಿಟ್ ಅನ್ನುವ ಊರು ಹಿಡಿಯಲು ಅಮೆರಿಕನ್ನರು ತಮ್ಮ ಶರ್ಮನ್ ಟ್ಯಾಂಕುಗಳನ್ನು ಆ ದಾರಿಯಲ್ಲೇ ಇಳಿಸಿದ್ದು. ನಮ್ಮ ಕಾಫಿ ತೋಟದ ಜೀಪ್ ರಸ್ತೆಯಷ್ಟೇ ಅಗಲ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ಕಾಲಡಿಯಲ್ಲಿ ಕೆಸರು. ಟ್ಯಾಂಕುಗಳು ಜಾರಿದವು, ಚೈನ್ ಕಳಚಿಕೊಂಡವು. ಅಂಥ ಒಂದು ಚೈನಿನ ತುಂಡು ಇವತ್ತೂ ದಾರಿಯ ನೆಲದಲ್ಲೇ ಹೂತುಕೊಂಡಿದೆ. ಯಾರೂ ಕಿತ್ತುಕೊಂಡು ಹೋಗಿಲ್ಲ, ಅದಕ್ಕೇ ನಿಮಗೆ ಕಾಣಸಿಗುತ್ತದೆ. ಅದರ ಪಕ್ಕ ನಿಂತು ಮೇಲೆ ದಾರಿಯನ್ನೂ ಕೆಳಗೆ ಹೊಳೆಯನ್ನೂ ಒಂದು ಸಲ ನೋಡಿ. ಮನೆಯ ಶೋಕೇಸಿನಲ್ಲಿ ಇಟ್ಟ ತುಂಡು ಅಷ್ಟನ್ನು ಯಾವತ್ತೂ ಹೇಳಲಾರದು.

ಪ್ರಶ್ನೆ: ನಮ್ಮ ತಾತ ಸೈನ್ಯದಲ್ಲಿದ್ದರು. 1971ರ ಯುದ್ಧ ಮುಗಿದ ಮೇಲೆ ತಂದ ಹಿತ್ತಾಳೆಯ ದೊಡ್ಡ ಶೆಲ್ ಒಂದು ಮನೆಯಲ್ಲಿದೆ. ಅಜ್ಜಿ ಅದರಲ್ಲಿ ಹೂವು ಇಡುತ್ತಿದ್ದರು. ಅದನ್ನು ಇಟ್ಟುಕೊಳ್ಳಬಹುದಾ? ಒಬ್ಬರು ಕೊಳ್ಳುತ್ತೇವೆ ಅಂತ ಕೇಳುತ್ತಿದ್ದಾರೆ. (ಕುಶಾಲನಗರ)

ಉತ್ತರ: ಹೂವು ಇಡುತ್ತಿದ್ದರು ಅಂದರೆ ಮೇಲ್ಭಾಗ ತೆರೆದಿದೆ, ಒಳಗೆ ಖಾಲಿ ಇದೆ ಅಂತ ಆಯಿತು. ಅಂದರೆ ಅದು ಸಿಡಿಯುವ ಗುಂಡಲ್ಲ, ಗುಂಡನ್ನು ಹಾರಿಸುವ ಮದ್ದು ತುಂಬಿರುತ್ತಿದ್ದ ಹಿತ್ತಾಳೆಯ ಕವಚ. ಆದರೂ ಅದನ್ನು ಬಗ್ಗಿಸದೆ, ಬಡಿಯದೆ, ತಳವನ್ನು ಒಂದು ಸಲ ನೋಡಿ. ತಳದ ನಡುವೆ ಒಂದು ಸಣ್ಣ ಗುಂಡನೆಯ ಬಿಲ್ಲೆ ಇರುತ್ತದೆ, ಅದು ಕಿಡಿ ಹೊತ್ತಿಸುವ ಪ್ರೈಮರ್. ಅದರ ಮೇಲೆ ಪಿನ್ ಬಡಿದ ಗುಳಿ ಸ್ಪಷ್ಟವಾಗಿ ಕಾಣಬೇಕು. ಗುಳಿ ಇಲ್ಲ ಅಂದರೆ, ಅನುಮಾನ ಅಂದರೂ ಸಾಕು, ಠಾಣೆಗೆ ತಿಳಿಸಿ. ಬಿಸಿ ಮಾಡೋದು, ಡ್ರಿಲ್ ಹಾಕೋದು, ಪಾಲಿಶ್ ಅಂಗಡಿಗೆ ಕೊಡೋದು ಬೇಡ.

ಶಸ್ತ್ರಾಸ್ತ್ರ ಕಾಯ್ದೆ 1959ರಲ್ಲಿ "ಮದ್ದುಗುಂಡು" ಅನ್ನುವುದರ ಅರ್ಥದೊಳಗೆ ಶೆಲ್, ಫ್ಯೂಸ್, ಮದ್ದುಗುಂಡಿನ ಬಿಡಿಭಾಗ ಎಲ್ಲ ಬರುತ್ತವೆ. ಖಾಲಿ ಅಂತ ನಿಮಗೆ ಗೊತ್ತು, ಆದರೆ ಬಸ್ಸಿನಲ್ಲಿ ಬ್ಯಾಗ್ ತಪಾಸಣೆ ಮಾಡುವವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಮಾರಬೇಡಿ, ಊರಿಂದ ಊರಿಗೆ ಒಯ್ಯಬೇಡಿ. ಅದರ ಫೋಟೋ, ತಾತನ ಸರ್ವಿಸ್ ದಾಖಲೆಯ ಪ್ರತಿ, ಮನೆಗೆ ಹೇಗೆ ಬಂತು ಅನ್ನುವ ನಾಲ್ಕು ಸಾಲು ಇಟ್ಟು ಠಾಣೆಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ನಿಮ್ಮ ಕಡೆ ಕೆಲವರು "ಕೊಡವರಿಗೆ ಬಂದೂಕಿನ ಲೈಸೆನ್ಸ್ ವಿನಾಯಿತಿ ಇದೆಯಲ್ಲ" ಅನ್ನುತ್ತಾರೆ. ಆ ವಿನಾಯಿತಿ ಕೋವಿಗೆ. ಫಿರಂಗಿ, ಟ್ಯಾಂಕಿನ ಶೆಲ್ಲಿಗೆ ಅಲ್ಲ.

ತಳದಲ್ಲಿ ಕೆತ್ತಿರುವ ಅಕ್ಷರ, ಅಂಕಿ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ತೋಪಿನ ಅಳತೆ, ತಯಾರಾದ ವರ್ಷ ಅಲ್ಲೇ ಇರುತ್ತದೆ. ತಾತ ಯಾವ ರೆಜಿಮೆಂಟು, ಯಾವ ಗಡಿ ಅಂತ ಮನೆಯಲ್ಲಿ ಹಿರಿಯರು ಇರುವಾಗಲೇ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಈ ಕೆಲಸ ನಾಳೆಗೆ ಇಡಬೇಡಿ.

ಪ್ರಶ್ನೆ: ಇಡೀ ಟ್ಯಾಂಕನ್ನೇ ಮನೆಯಲ್ಲಿ ಇಟ್ಟುಕೊಂಡವರು ಇದ್ದಾರಂತೆ, ನಿಜವಾ? (ತುಮಕೂರು)

ಉತ್ತರ: ನಿಜ. ಜರ್ಮನಿಯ ಕೀಲ್ ನಗರದ ಹತ್ತಿರ ಒಬ್ಬ ವೃದ್ಧರ ಮನೆಯ ನೆಲಮಾಳಿಗೆಯಿಂದ 2015ರಲ್ಲಿ ಪ್ಯಾಂಥರ್ ಟ್ಯಾಂಕ್ ಹೊರಗೆ ತೆಗೆದರು. ಸುಮಾರು 20 ಸೈನಿಕರಿಗೆ ಒಂಬತ್ತು ಗಂಟೆ ಹಿಡಿಯಿತು. ಯುದ್ಧದ ಆಯುಧ ಇಟ್ಟುಕೊಂಡ ತಪ್ಪಿಗೆ 2021ರಲ್ಲಿ ನ್ಯಾಯಾಲಯ ಅಮಾನತಿನಲ್ಲಿಟ್ಟ 14 ತಿಂಗಳ ಜೈಲು ಶಿಕ್ಷೆ, 2,50,000 ಯೂರೋ ದಂಡ ಹಾಕಿತು.

ಪ್ರಶ್ನೆ: ನಮ್ಮದು ಲೇತ್ ವರ್ಕ್‌ಶಾಪ್. ಇಂಗ್ಲೆಂಡಿನಲ್ಲಿರುವ ಅಣ್ಣ ನಾರ್ಮಂಡಿಯ ಹಳೆಯ ಸಾಮಾನಿನ ಸಂತೆಯಲ್ಲಿ ಕೊಂಡ ಶರ್ಮನ್ ಟ್ಯಾಂಕಿನ ಚೈನ್ ಕೊಂಡಿ ತಂದುಕೊಟ್ಟಿದ್ದಾನೆ. ಬಿಲ್ ಇದೆ. ತುಕ್ಕು ಪದರ ಪದರವಾಗಿ ಉದುರುತ್ತಿದೆ. ಗ್ರೈಂಡರ್ ಹಿಡಿದು ತೆಗೆದು ಪೇಂಟ್ ಹೊಡೆಯಲಾ? (ಹುಬ್ಬಳ್ಳಿ)

ಉತ್ತರ: ಗ್ರೈಂಡರ್ ಕೆಳಗಿಡಿ, ದಯವಿಟ್ಟು. ಗ್ರೈಂಡರ್ ತುಕ್ಕಿನ ಜೊತೆಗೆ ಎರಕದ ಗುರುತು, ಸವೆತ, ಎಲ್ಲೋ ಉಳಿದಿರುವ ಹಳೆಯ ಬಣ್ಣದ ಚೂರು, ಎಲ್ಲವನ್ನೂ ತಿಂದುಬಿಡುತ್ತದೆ.

ನಾರ್ಮಂಡಿ ಸಮುದ್ರದ ದಂಡೆ. ಕಬ್ಬಿಣದ ಒಳಗೆ ಉಪ್ಪು ಇಳಿದಿರುತ್ತದೆ. ಮೇಲಿನ ತುಕ್ಕು ಎಷ್ಟು ಕೆರೆದರೂ ಆ ಉಪ್ಪು ಒಳಗೇ ಇದ್ದರೆ ಹುಬ್ಬಳ್ಳಿಯ ಒಂದು ಮಳೆಗಾಲದಲ್ಲಿ ಪೇಂಟಿನ ಅಡಿಯಿಂದ ಕಂದು ಹನಿ ಬೆವರುತ್ತದೆ. ಉಪ್ಪು ಹೊರಗೆ ಬರಬೇಕು. ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿ, ನಾಲ್ಕೈದು ಲೀಟರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿ. ಕೊಂಡಿಗೆ ಬ್ಯಾಟರಿ ಚಾರ್ಜರಿನ ಮೈನಸ್, ಪಕ್ಕದಲ್ಲಿ ತಾಗದ ಹಾಗೆ ಇಳಿಬಿಟ್ಟ ಸಾದಾ ಕಬ್ಬಿಣದ ತಗಡಿಗೆ ಪ್ಲಸ್. ತಗಡು ಸ್ಟೇನ್‌ಲೆಸ್ ಸ್ಟೀಲ್ ಆಗಲೇಬಾರದು, ಅದರಿಂದ ಕ್ರೋಮಿಯಂ ವಿಷ ನೀರಿಗೆ ಇಳಿಯುತ್ತದೆ. ಗುಳ್ಳೆ ಗುಳ್ಳೆಯಾಗಿ ಬರುವುದು ಹೈಡ್ರೋಜನ್. ಆದ್ದರಿಂದ ವೆಲ್ಡಿಂಗ್ ಮಾಡುವ ಜಾಗದಿಂದ ದೂರ, ಗಾಳಿಯಾಡುವಲ್ಲಿ ಇಡಿ. ದಿನಕ್ಕೊಮ್ಮೆ ಚಾರ್ಜರ್ ಆಫ್ ಮಾಡಿ ಗಟ್ಟಿ ಬ್ರಷ್ಷಿನಲ್ಲಿ ತಿಕ್ಕಿ, ನೀರು ಬದಲಿಸಿ. ಅವಸರ ಬೇಡ, ವಾರಗಟ್ಟಲೆ ಆಗುತ್ತದೆ. ಕೊನೆಗೆ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಶರ್ಮನ್ ಕೊಂಡಿಗಳಲ್ಲಿ ರಬ್ಬರ್ ಇರುವುದು ಜಾಸ್ತಿ. ನಿಮ್ಮದರಲ್ಲೂ ಇದ್ದರೆ ಗ್ಯಾಸ್ ಬೆಂಕಿ ಹಿಡಿಯಬೇಡಿ, ಬಿಸಿಲು ಮತ್ತು ಫ್ಯಾನ್ ಸಾಕು.

ಒಣಗಿದ ಮೇಲೆ ಟ್ಯಾನಿಕ್ ಆಸಿಡ್ ತೆಳ್ಳಗೆ ಹಚ್ಚಿ, ಮೈ ಕಪ್ಪು ನೀಲಿಗೆ ತಿರುಗುತ್ತದೆ. ಇದು ನಮ್ಮವರಿಗೆ ಹೊಸದೇನಲ್ಲ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಶಾಯಿ ಮಾಡುತ್ತಿದ್ದರಲ್ಲ, ಕಾಯಿಯ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪಾಗುವುದು, ಅದೇ ಕ್ರಿಯೆ. ಅದರ ಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣ (ಪೆಟ್ರೋಲಿಯಂನಿಂದ ತೆಗೆಯುವ ನುಣುಪು ಮೇಣ) ಸವರಿ. ಪೇಂಟ್ ಬೇಡವೇ ಬೇಡ.

ಮಣ್ಣೇ ಕಬ್ಬಿಣವನ್ನು ತಿನ್ನುತ್ತದೆ ಅಂತ ತಿಳಿಯಬೇಡಿ, ಎಷ್ಟೋ ಕಡೆ ಮಣ್ಣೇ ಕಾಪಾಡುತ್ತದೆ. 2000ದಲ್ಲಿ ಎಸ್ಟೋನಿಯಾದ ಒಂದು ಸಣ್ಣ ಕೆರೆಯಿಂದ ಸೋವಿಯತ್ ಟಿ-34 ಟ್ಯಾಂಕನ್ನು ದೊಡ್ಡ ಬುಲ್ಡೋಜರ್ ಕಟ್ಟಿ ಎಳೆದರು. ಜರ್ಮನ್ನರು ಹಿಡಿದುಕೊಂಡು ತಮ್ಮ ಶಿಲುಬೆ ಗುರುತು ಬಳಿದು ಓಡಿಸುತ್ತಿದ್ದ ಗಾಡಿ ಅದು, 1944ರಲ್ಲಿ ಹಿಂದೆ ಸರಿಯುವಾಗ ನೀರಿಗೆ ಬಿಟ್ಟಿದ್ದರು. 56 ವರ್ಷ ಆದರೂ ಶಿಲುಬೆಯ ಬಣ್ಣ ಉಳಿದಿತ್ತು. ಕೆರೆಯ ತಳದ ಕೊಳೆತ ಕೆಸರಿನಲ್ಲಿ ಆಮ್ಲಜನಕ ಇಲ್ಲ, ಹಾಗಾಗಿ ತುಕ್ಕಿಗೆ ದಾರಿ ಇರಲಿಲ್ಲ. ಅಂಥದ್ದನ್ನು ಗಾಳಿಗೆ ತಂದ ಕ್ಷಣದಿಂದ ತುಕ್ಕು ಓಡೋಕೆ ಶುರು ಮಾಡುತ್ತದೆ. ಕಾಪಾಡುವ ತಯಾರಿ ಇಲ್ಲದೆ ಹೊರಗೆ ಎಳೆಯುವುದು ಅಂದರೆ ಹಾಳು ಮಾಡಿದ ಹಾಗೇ.

ಪ್ರಶ್ನೆ: ಹಳೆ ಟ್ಯಾಂಕಿನ ಮೀಟರ್ ಡಯಲ್ ಸಿಕ್ಕಿದೆ. ಕತ್ತಲಲ್ಲಿ ಹೊಳೆಯುತ್ತಿತ್ತಂತೆ, ಈಗ ಹೊಳೆಯುವುದಿಲ್ಲ. ಬಿಚ್ಚಿ ಸರಿ ಮಾಡಬಹುದಾ? (ಮಂಗಳೂರು)

ಉತ್ತರ: ಬಿಚ್ಚಬೇಡಿ. ಆ ಕಾಲದ ಹೊಳೆಯುವ ಬಣ್ಣದಲ್ಲಿ ರೇಡಿಯಂ ಇರುತ್ತಿತ್ತು. ಹೊಳಪು ಕೊಡುತ್ತಿದ್ದ ಪುಡಿ ಸತ್ತಿದೆ, ರೇಡಿಯಂ ಸತ್ತಿಲ್ಲ. ಅದು ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಗಾಜು ತೆಗೆದರೆ ಪುಡಿ ಉಸಿರಿನಲ್ಲಿ ಒಳಗೆ ಹೋಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ವಿಕಿರಣ ಅಳೆಯುವ ಉಪಕರಣ ಇರುವ ಕಾಲೇಜಿನ ಭೌತಶಾಸ್ತ್ರ ವಿಭಾಗದವರನ್ನು ಕೇಳಿ.

ಪ್ರಶ್ನೆ: ವಿದೇಶಕ್ಕೆ ಹೋಗೋದು ನಮ್ಮಿಂದ ಆಗದು. ನಮ್ಮ ದೇಶದಲ್ಲೇ ಮಕ್ಕಳಿಗೆ ಎಲ್ಲಿ ತೋರಿಸಲಿ? (ದಾವಣಗೆರೆ)

ಉತ್ತರ: ಹತ್ತಿರದ್ದು ಮಡಿಕೇರಿ. ಜನರಲ್ ತಿಮ್ಮಯ್ಯನವರ ಮನೆ ಸನ್ನಿ ಸೈಡ್ ಈಗ ಮ್ಯೂಸಿಯಂ ಆಗಿದೆ, ಅಂಗಳದಲ್ಲಿ ಟಿ-55 ಟ್ಯಾಂಕ್ ನಿಂತಿದೆ. ರಜೆ ಜಾಸ್ತಿ ಇದ್ದರೆ ಅಹ್ಮದ್‌ನಗರಕ್ಕೆ ಹೋಗಿ (ಈಗಿನ ಹೆಸರು ಅಹಿಲ್ಯಾನಗರ). ಅಲ್ಲಿನ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂನಲ್ಲಿ ಮೊದಲ ಮಹಾಯುದ್ಧದಿಂದ ಹಿಡಿದು ಎಲ್ಲ ಕಾಲದವೂ ಸಾಲಾಗಿ ಸಿಗುತ್ತವೆ. ರಾಜಸ್ಥಾನದ ಲೋಂಗೇವಾಲಾದಲ್ಲಿ 1971ರ ಡಿಸೆಂಬರಿನಲ್ಲಿ ಪಾಕಿಸ್ತಾನ ಬಿಟ್ಟುಹೋದ ಟ್ಯಾಂಕುಗಳು ಅದೇ ಮರಳಿನಲ್ಲಿ ಇವೆ.

ನನಗೆ ಕೇಳಿದರೆ ಎಲ್ಲಕ್ಕಿಂತ ಮೊದಲು ನಾಗಾಲ್ಯಾಂಡಿನ ಕೊಹಿಮಾ ಅನ್ನುತ್ತೇನೆ. 1944ರಲ್ಲಿ ಜಪಾನಿ ಸೈನ್ಯದ ಎದುರು ಗುಡ್ಡ ಹತ್ತಿದ ಬ್ರಿಟಿಷ್ ಸೈನ್ಯದ ಲೀ-ಗ್ರಾಂಟ್ ಟ್ಯಾಂಕ್ ಒಂದು ಇಳಿಜಾರಿನಲ್ಲಿ ಜಾರಿ ಸಿಕ್ಕಿಹಾಕಿಕೊಂಡಿತು. ಆ ಟ್ಯಾಂಕು ಇವತ್ತೂ ನಿಂತ ಜಾಗದಲ್ಲೇ ಇದೆ. ಸುತ್ತ ಊರು ಬೆಳೆದಿದೆ, ಮನೆಗಳು ಬಂದಿವೆ, ಟ್ಯಾಂಕನ್ನು ಯಾರೂ ಕದಲಿಸಿಲ್ಲ.

ಪಂಜಾಬಿನ ಅಸಲ್ ಉತ್ತರ್ ಕಥೆ ಬೇರೆ. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಅಲ್ಲಿ ನಮ್ಮವರು ಕಾಲುವೆ ಒಡೆದು ಹೊಲಕ್ಕೆ ನೀರು ನುಗ್ಗಿಸಿದರು, ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಕೆಸರಿನಲ್ಲಿ ಹೂತವು, ಕಬ್ಬಿನ ಗದ್ದೆಯಲ್ಲಿ ಅಡಗಿದ್ದ ನಮ್ಮ ಟ್ಯಾಂಕುಗಳು ಹೊಡೆದವು. ಜೀಪಿನ ಮೇಲಿನ ತೋಪಿನಿಂದ ಟ್ಯಾಂಕುಗಳನ್ನು ಒಡೆದು ಅಲ್ಲೇ ಪ್ರಾಣ ಬಿಟ್ಟ ಅಬ್ದುಲ್ ಹಮೀದ್ ಅವರಿಗೆ ಪರಮವೀರ ಚಕ್ರ ಬಂತು, ಅವರ ಸಮಾಧಿ ಅಲ್ಲಿದೆ. ನಾಶವಾದ, ಕೈಗೆ ಸಿಕ್ಕ ಪಾಕಿಸ್ತಾನಿ ಟ್ಯಾಂಕು ಒಟ್ಟು 97 ಅಂತ ಲೆಕ್ಕ. ಅವನ್ನು ಭಿಖಿವಿಂಡ್ ಹತ್ತಿರ ಸಾಲಾಗಿ ನಿಲ್ಲಿಸಿದಾಗ ಜಾಗಕ್ಕೆ ಪ್ಯಾಟನ್ ನಗರ ಅಂತಲೇ ಹೆಸರು ಬಿತ್ತು. ಆಮೇಲೆ ದೇಶದ ಕಂಟೋನ್ಮೆಂಟುಗಳಿಗೆ, ಊರುಗಳ ವೃತ್ತಗಳಿಗೆ ಹಂಚಿದರು. ನನಗೆ ನೋವಾಗೋದು ಇಲ್ಲಿ. ಎಷ್ಟೋ ಕಡೆ ಆ ಟ್ಯಾಂಕಿನ ಮುಂದೆ ಒಂದು ಬೋರ್ಡೂ ಇಲ್ಲ. ವರ್ಷಕ್ಕೊಮ್ಮೆ ಪೇಂಟ್ ಹೊಡೆಯುತ್ತಾರೆ, ಯಾವ ಹೊಲದಿಂದ ಬಂತು ಅಂತ ಬರೆಯುವುದಿಲ್ಲ. ನಿಮ್ಮ ಊರಿನಲ್ಲಿ ಅಂಥದ್ದು ಇದ್ದರೆ ನಗರಸಭೆಗೆ ಅರ್ಜಿ ಕೊಟ್ಟು ಬೋರ್ಡ್ ಹಾಕಿಸಿ. ಸಂಗ್ರಹ ಮಾಡುವ ಆಸೆ ಇರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಮೊದಲ ಕೆಲಸ ಇನ್ನೊಂದಿಲ್ಲ.

ಪ್ರಶ್ನೆ: ಬೇಜಾರು ಮಾಡಿಕೊಳ್ಳಬೇಡಿ. ಟ್ಯಾಂಕಿನೊಳಗೆ ಜನ ಸುಟ್ಟು ಸತ್ತಿದ್ದಾರೆ. ಅವರ ಸಾವಿನ ಸಾಮಾನು ತಂದು ಮನೆಯಲ್ಲಿ ಅಲಂಕಾರಕ್ಕೆ ಇಡೋದು ಸರಿಯಾ? (ಮೈಸೂರು)

ಉತ್ತರ: ಬೇಜಾರು ಯಾಕೆ, ಅಮ್ಮ? ಈ ಪ್ರಶ್ನೆ ಮನಸ್ಸಿಗೆ ಬಾರದವರು ಇದಕ್ಕೆ ಕೈ ಹಾಕಲೇಬಾರದು.

ಎಲ್ಲಕ್ಕಿಂತ ದೊಡ್ಡ ತಪ್ಪು ಯಾವುದು ಅಂತ ಹೇಳುತ್ತೇನೆ. ಜರ್ಮನ್ ಸೈನಿಕರ ಕೊರಳಲ್ಲಿ ಅಂಡಾಕಾರದ ಒಂದು ಬಿಲ್ಲೆ ಇರುತ್ತಿತ್ತು. ನಡುವೆ ಮುರಿಯಲು ಗೆರೆ, ಎರಡೂ ಅರ್ಧಕ್ಕೆ ಒಂದೇ ನಂಬರು. ಸತ್ತರೆ ಅರ್ಧ ಕಚೇರಿಗೆ, ಅರ್ಧ ಹೆಣದ ಜೊತೆ. ಸೋವಿಯತ್ ಸೈನಿಕರ ಹತ್ತಿರ ಕಪ್ಪು ಎಬೊನೈಟಿನ ಸಣ್ಣ ಡಬ್ಬಿ, ಅದರೊಳಗೆ ಸುರುಳಿ ಸುತ್ತಿದ ಚೀಟಿಯಲ್ಲಿ ಹೆಸರು, ಊರು. ಕಳ್ಳತನದಲ್ಲಿ ಅಗೆಯುವವರು ಅದನ್ನು ಕಿತ್ತು ಮಾರುತ್ತಾರೆ. ಆ ಕ್ಷಣಕ್ಕೆ ಆ ಹುಡುಗ ಶಾಶ್ವತವಾಗಿ ಅನಾಮಧೇಯ ಆಗಿಬಿಡುತ್ತಾನೆ, ಅವನ ಮನೆಯವರಿಗೆ ಇನ್ನು ಯಾವತ್ತೂ ಸುದ್ದಿ ಹೋಗುವುದಿಲ್ಲ. ಅಂಥ ವಸ್ತು ಎಷ್ಟೇ ಅಗ್ಗಕ್ಕೆ ಸಿಗಲಿ, ಕೊಳ್ಳಬೇಡಿ. ಕೊಳ್ಳುವವರು ಇದ್ದಾರೆ ಅಂತಲೇ ಅಗೆಯುತ್ತಾರೆ.

ಆದರೆ ತೆಗೆಯೋದೇ ತಪ್ಪು ಅಂತ ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನ ಸ್ಲಾಪ್ಟನ್ ತೀರದಲ್ಲಿ 1944ರ ಏಪ್ರಿಲ್‌ನಲ್ಲಿ ನಾರ್ಮಂಡಿ ದಾಳಿಯ ತಾಲೀಮು ನಡೆಯುವಾಗ ಜರ್ಮನ್ ದೋಣಿಗಳು ನುಗ್ಗಿ 749 ಅಮೆರಿಕನ್ನರು ಸತ್ತರು. ದಶಕಗಳವರೆಗೆ ಅಲ್ಲಿ ಅವರಿಗೆ ಒಂದು ಕಲ್ಲೂ ಇರಲಿಲ್ಲ. ಅಲ್ಲಿನ ಹೋಟೆಲ್ ಮಾಲೀಕ ಕೆನ್ ಸ್ಮಾಲ್, ಸಮುದ್ರದ ತಳದಲ್ಲಿದ್ದ ಒಂದು ಶರ್ಮನ್ ಟ್ಯಾಂಕನ್ನು ಅಮೆರಿಕ ಸರ್ಕಾರದಿಂದ 50 ಡಾಲರಿಗೆ ಕೊಂಡು, ವರ್ಷಗಟ್ಟಲೆ ಓಡಾಡಿ, 1984ರಲ್ಲಿ ಮೇಲಕ್ಕೆ ಎತ್ತಿಸಿದರು. ಮನೆಗೆ ಒಯ್ಯಲಿಲ್ಲ. ಟಾರ್‌ಕ್ರಾಸ್ ಊರಿನ ದಂಡೆಯಲ್ಲೇ ನಿಲ್ಲಿಸಿದರು. ಸತ್ತವರ ಮನೆಯವರು ಬಂದು ಅಲ್ಲಿ ಹೂವು ಇಡುತ್ತಾರೆ.

ಇನ್ನೊಂದು ಫ್ರಾನ್ಸಿನದು. 1917ರ ನವೆಂಬರ್ 20ರಂದು ಕಾಂಬ್ರೆ ಹತ್ತಿರ ಬ್ರಿಟಿಷರು 400ಕ್ಕೂ ಹೆಚ್ಚು ಟ್ಯಾಂಕುಗಳನ್ನು ಒಟ್ಟಿಗೆ ನುಗ್ಗಿಸಿದರು. ಅದರಲ್ಲಿ ಡೆಬೊರಾ ಅನ್ನುವ ಹೆಸರಿನದು ಫ್ಲೆಸ್ಕಿಯೇರ್ ಹಳ್ಳಿಯನ್ನು ದಾಟಿ ಆಚೆ ಅಂಚಿಗೆ ಬಂದಾಗ ಶೆಲ್ ಬಡಿಯಿತು. ಒಳಗಿದ್ದ ಎಂಟು ಜನರಲ್ಲಿ ಐವರು ಸತ್ತರು. ಟ್ಯಾಂಕು ಆಮೇಲೆ ಮಣ್ಣಿನಡಿ ಸೇರಿತು. ಹಳ್ಳಿಯ ಒಬ್ಬ ಅಜ್ಜಿ ಹುಡುಗಿಯಾಗಿದ್ದಾಗ ಅದನ್ನು ಗುಂಡಿಗೆ ತಳ್ಳಿದ್ದು ನೋಡಿದ ನೆನಪು ಹೇಳಿದ್ದರು. ಆ ಮಾತು ಹಿಡಿದು ಫಿಲಿಪ್ ಗೋರ್ಚಿನ್ಸ್ಕಿ ಅನ್ನುವವರು ವರ್ಷಗಟ್ಟಲೆ ಹುಡುಕಿ, ಹಳೆಯ ಚಿತ್ರ ನೋಡಿ, ಉಪಕರಣ ಹಿಡಿದು ನೆಲ ಅಳೆದು, 1998ರ ನವೆಂಬರಿನಲ್ಲಿ ಅಗೆದರು. ಮುಂಭಾಗ ಶೆಲ್ಲಿಗೆ ಹರಿದುಹೋಗಿತ್ತು. ಅದನ್ನು ತಟ್ಟಿ ಸರಿ ಮಾಡಲಿಲ್ಲ, ಬಣ್ಣ ಬಳಿಯಲಿಲ್ಲ. ಒಳಗಿದ್ದವರು ಯಾರು ಅಂತ ಪತ್ತೆ ಹಚ್ಚುತ್ತಾ ಹೋದರು, ಅವರ ಮನೆಯವರನ್ನು ಕರೆಸಿದರು. 2017ರಲ್ಲಿ ಡೆಬೊರಾಳಿಗೆ ಅಂತಲೇ ಮ್ಯೂಸಿಯಂ ಕಟ್ಟಿದಾಗ ಜಾಗ ಆರಿಸಿದ್ದು ಊರಿನ ಸೈನಿಕ ಸ್ಮಶಾನದ ಪಕ್ಕ. ಆ ಐವರು ಮಲಗಿರುವುದು ಅದೇ ಸ್ಮಶಾನದಲ್ಲಿ. ಅವರ ಸಮಾಧಿಯಿಂದ ಅವರ ಟ್ಯಾಂಕಿಗೆ ಈಗ ನಡೆದು ಹೋಗುವಷ್ಟೇ ದೂರ.